ಊಟಕ್ಕೆ ಬಹ್ರೈನಿಗೆ

ಶುಕ್ರವಾರದ ನಮಾಜು ಮುಗಿಸಿ ಥುಕ್ಬಾ ಬಡಾವಣೆಯ ರೂಮಿನಿಂದ ಹೊರಟಾಗ ಜೇಬಿನಲ್ಲಿ ಪಾಸ್‌ಪೋರ್ಟ್ ಇತ್ತು, ಮೊಬೈಲಿನಲ್ಲಿ ಬಹ್ರೈನಿನ ವೀಸಾ ಇತ್ತು. ಸೌದಿಯಿಂದ ಹೊರಗೆ ಹೋಗಿ ಬರುವ ಅನುಮತಿ ಮಾತ್ರ ಇರಲಿಲ್ಲ. ಅದನ್ನು ಕೊಡಬೇಕಾದವರು ಕೆಳಗೆ ಕಾರಿನಲ್ಲಿ ಕುಳಿತು ಹಾರ್ನ್ ಹೊಡೆಯುತ್ತಿದ್ದರು. ಅವರು ನನ್ನ ಕಫೀಲ್, ಅಂದರೆ ಮಾಲೀಕರು, ಅಬು ಸಾಲೆಹ್. ಅಲ್ ಖೋಬರಿನಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದಾರೆ. ಬಹ್ರೈನಿನಲ್ಲಿ ಇನ್ನೊಂದು ಅಂಗಡಿಗೆ ಜಾಗ ನೋಡಲು ಹೊರಟವರು, “ನೀನೂ ಬಾ, ಊಟ ಅಲ್ಲೇ ಮಾಡೋಣ” ಎಂದು ಹಿಂದಿನ ದಿನ ಕರೆದಿದ್ದರು. ಅವರ ಹಿಂದಿ ನನ್ನ ಅರಬ್ಬಿಯಷ್ಟೇ ಚೆಂದ.

ಬಹ್ರೈನಿನಲ್ಲಿ ನನ್ನ ತಂಗಿಯ ಮನೆಯಿದೆ. ಅವಳ ಬಾಣಂತನಕ್ಕೆಂದು ಊರಿನಿಂದ ಬಂದ ಉಮ್ಮ ಎರಡು ತಿಂಗಳಿಂದ ಅಲ್ಲಿದ್ದರು; ಅಂದೇ ರಾತ್ರಿ ಮಂಗಳೂರಿಗೆ ವಾಪಸು. ವೀಸಾ ಮಾಡಿಸಿ ಕಳಿಸಿದ್ದು ಭಾವ. ಆದರೆ ಹೊರಗೆ ಹೋಗುವ ಅನುಮತಿ ಕೇಳಿದಾಗಲೆಲ್ಲ ನಮ್ಮ ಆಫೀಸಿನ ಉಡುಪಿ ಕಡೆಯ ಗುಮಾಸ್ತ, “ಅದು ವರ್ಷದ ರಜೆಗೆ ಮಾತ್ರ ಮಾರಾಯ. ಮಾಲೀಕರ ಹತ್ರ ಹೋಗಿ ಎಂತ ಕೇಳುದು?” ಎಂದು ಬಾಯಿ ಮುಚ್ಚಿಸಿದ್ದ.

ಬಹ್ರೈನಿಗೆ ಹೋಗುವ ಸಮುದ್ರದ ಸೇತುವೆಗೆ ಮೊದಲು ಚಾ ಕುಡಿಯಲು ನಿಂತಾಗ, ಊಟ ತಂಗಿಯ ಮನೆಯಲ್ಲೇ ಎಂದೂ ನನಗೆ ಹೊರಗೆ ಹೋಗುವ ಅನುಮತಿ ಇಲ್ಲವೆಂದೂ ಹೇಳಿಯೇಬಿಟ್ಟೆ. ಅಬು ಸಾಲೆಹ್ ನಿಜಕ್ಕೂ ಬೆರಗಾದರು.

“ಬಹ್ರೈನಿಗೂ ಅನುಮತಿ ಬೇಕಾ?”

ಮೊಬೈಲ್ ತೆಗೆದು ಅಲ್ಲಿ ಇಲ್ಲಿ ಒತ್ತಿದರು. ನನ್ನ ಚಾ ಆರುವ ಮೊದಲೇ ಅನುಮತಿ ಬಂತು. ಸಂತೋಷವಾಗಬೇಕಿತ್ತು. ನನಗೆ ಬಂದದ್ದು ಸಿಟ್ಟು, ಅದೂ ಯಾರ ಮೇಲೆಂದು ತಿಳಿಯದ ಸಿಟ್ಟು.

ಸೇತುವೆ ಇಪ್ಪತ್ತೈದು ಕಿಲೋಮೀಟರ್. ಎರಡೂ ಬದಿ ತಿಳಿಹಸಿರು ಸಮುದ್ರ, ಚಳಿಗಾಲದ ತೇವದ ಗಾಳಿ. ಕೊಲ್ಲಿಯ ಆರು ದೇಶಗಳ ಒಕ್ಕೂಟದಿಂದ ತಮಗಾದ ಲಾಭವನ್ನು ಅವರು ವಿವರಿಸುತ್ತಾ ಹೋದರು. ದಮ್ಮಾಮ್ ಬಂದರಿನಲ್ಲಿ ಒಮ್ಮೆ ಸುಂಕ ಕಟ್ಟಿದ ಮಾಲಿಗೆ ಬಹ್ರೈನಿನಲ್ಲಿ ಮತ್ತೆ ಕಟ್ಟಬೇಕಿಲ್ಲ. ಅಲ್ಲಿ ಅಂಗಡಿ ತೆರೆದರೂ ಅವರು ಪರದೇಶಿಯಲ್ಲ.

“ಆದರೆ ರಜೆ ಬಂದರೆ ಸಾಕು, ಖೋಬರಿನ ಗಿರಾಕಿಗಳೆಲ್ಲ ಈ ಸೇತುವೆ ಹತ್ತುತ್ತಾರೆ” ಎಂದು ಗೊಣಗಿದರು. “ಅದಕ್ಕೇ ನಾನೂ ಅವರ ಹಿಂದೆ ಹೊರಟೆ.”

ಸಮುದ್ರದ ನಡುವಿನ ದ್ವೀಪದಲ್ಲಿ ತಪಾಸಣೆ. ಅವರು ಗುರುತಿನ ಕಾರ್ಡ್ ತೋರಿಸಿದರು, ಮುಗಿಯಿತು. ನನ್ನ ಪಾಸ್‌ಪೋರ್ಟಿನ ಪುಟಗಳನ್ನು ಮಗುಚಿದ್ದೇ ಮಗುಚಿದ್ದು. ಅಷ್ಟೂ ಹೊತ್ತು ಅಬು ಸಾಲೆಹ್ ಸ್ಟೇರಿಂಗ್ ಮೇಲೆ ಬೆರಳು ಕುಟ್ಟುತ್ತಿದ್ದರು. ಕಾದು ಅಭ್ಯಾಸವಿಲ್ಲದ ಮನುಷ್ಯ, ಪಾಪ.

ಮುಹರ್ರಕ್‌ನಲ್ಲಿ ತಂಗಿಯ ಮನೆ ತಲುಪಿದಾಗ ಉಮ್ಮನ ಪೆಟ್ಟಿಗೆಗೆ ಆಗಲೇ ಹಗ್ಗ ಬಿಗಿದಾಗಿತ್ತು. ನನ್ನನ್ನು ತಬ್ಬಿ ಅತ್ತರು, ಕೂಡಲೇ ಕಣ್ಣೊರೆಸಿ ಅಕ್ಕಿರೊಟ್ಟಿಯಂಥ ಪತ್ತಿರಿ, ಕೋಳಿ ಸಾರು ಬಡಿಸಿದರು. ಮಾಲೀಕರು ಎರಡನೇ ಸಲ ಸಾರು ಹಾಕಿಸಿಕೊಂಡರು.

“ಬರ್ಲಿಕ್ಕೆ ಎಷ್ಟು ಹೊತ್ತಾಯ್ತು?” ಎಂದು ಉಮ್ಮ ಕೇಳಿದರು.

“ಒಂದೂವರೆ ಗಂಟೆ ಉಮ್ಮ.”

ಅವರು ನನ್ನ ಕೈ ಹಿಡಿದು ಮೆಲ್ಲಗೆ ಇನ್ನೇನೋ ಕೇಳಿದರು. ನಾನು ತಲೆ ತಗ್ಗಿಸಿದೆ.

ಸಂಜೆ ಜಾಗ ನೋಡಿ ಮರಳುವಾಗ, ಸೇತುವೆಯ ಮೇಲೆ ಅಬು ಸಾಲೆಹ್, “ಕೈ ಹಿಡಿದು ನಿನ್ನ ತಾಯಿ ಏನು ಕೇಳಿದರು?” ಎಂದರು. ನಿಮಗೆ ಒಳ್ಳೆಯದಾಗಲೆಂದು ದುಆ ಮಾಡಿದರು ಎಂದುಬಿಡೋಣ ಅನ್ನಿಸಿತು. ಹಾಗೆ ಹೇಳಲು ಮನಸ್ಸು ಬರಲಿಲ್ಲ.

“‘ಇಷ್ಟು ಹತ್ತಿರ ಇದ್ದದ್ದಾ ನೀನು?’ ಅಂತ ಕೇಳಿದರು.”