ಹೂಂ ಅನ್ನುತ್ತಿದ್ದ ವಿಜಯಶ್ರೀ

ವಾಲ್ನಟ್ ಕ್ರೀಕ್ ಊರಿನ ಮಕ್ಕಳ ಡೇಕೇರಿನಲ್ಲಿ ಕೆಲಸ ಮಾಡುವ ಹುಬ್ಬಳ್ಳಿಯ ವಿಜಯಶ್ರೀಗೆ ಒಲ್ಲೆ ಎನ್ನುವುದೇ ಗೊತ್ತಿರಲಿಲ್ಲ. ಕನ್ನಡ ಸಂಘದ ಯಾವ ಹಬ್ಬವೇ ಇರಲಿ, ಕಾಫಿ ಕಾಸುವವಳು ಅವಳು, ಕುರ್ಚಿ ಮಡಚಿಡುವವನು ಅವಳ ಗಂಡ ಕೇದಾರ. ವೇದಿಕೆಯ ಮೇಲೆ ಇಬ್ಬರ ಹೆಸರನ್ನೂ ಯಾರೂ ಹೇಳಿದ್ದಿಲ್ಲ.

ಈ ಯುಗಾದಿಗೆ ಸಂಘದವರು ಪೌರಾಣಿಕ ನಾಟಕ ಇಟ್ಟುಕೊಂಡರು. ಅರಮನೆ, ಕಾಡು ಬರೆದ ಹಳೆಯ ಪರದೆಗಳು ಷಿಕಾಗೋದ ಗೆಳೆಯರ ಬಳಿ ಇದ್ದವು. ಪರದೆ ಇಲ್ಲದ್ದೂ ಒಂದು ನಾಟಕವಾ ಎಂದು ಕೇಳಿದರು ಅಧ್ಯಕ್ಷ ನಾಗರಾಜು. ಬಾಡಿಗೆ ವ್ಯಾನಿನಲ್ಲಿ ತರಲು ಹೋದವನು ಕೇದಾರ, ಒಬ್ಬನೇ.

ವಾಪಸು ಬರುವಾಗ ನೆಬ್ರಾಸ್ಕಾದ ಬಯಲಿನಲ್ಲಿ ಹಿಮಗಾಳಿ ಎದ್ದಿತು. ಏಪ್ರಿಲ್ ಬಂದ ಮೇಲೂ ಇಂಥದ್ದು ಬರುತ್ತದೆಂದು ಅವನು ಎಣಿಸಿರಲಿಲ್ಲ. ಫ್ರೀವೇ ಮುಚ್ಚಿದರು. ಸಣ್ಣ ಊರೊಂದರ ಚರ್ಚಿನವರು ದಾರಿಹೋಕರಿಗೆ ಜಾಗ ಕೊಟ್ಟಿದ್ದರು. ಶುಕ್ರವಾರ ಬೆಳಿಗ್ಗೆ ಅಲ್ಲಿಂದ ಫೋನು ಬಂತು.

"ಕಿಡಕಿ ಆಚೆ ನಿಲ್ಲಿಸಿದ ವ್ಯಾನೂ ಕಾಣವಲ್ದು, ವಿಜಿ. ಹೊಲದ ನಡುವಿನ ರಸ್ತೆ ಮ್ಯಾಪಿನ್ಯಾಗ ಓಪನ್ ಐತಿ, ಅದರಾಗ ಬಾ ಅಂತ ನಾಗರಾಜು ಸಾರ್ ಹೇಳ್ಯಾರ. ಹೂಂ ಅಂದೀನಿ."

"ಹೂಂ ಅಂದ್ರಿ?"

"ಹಿರಿಯರು. ಹೆಂಗ ಒಲ್ಲೆ ಅನ್ನಲಿ?"

ವಿಜಯಶ್ರೀಗೆ ಮೈಯೆಲ್ಲ ಉರಿಯಿತು. "ವ್ಯಾನಿನ ಕೀಲಿಕೈ ಆ ಚರ್ಚಿನವರ ಕೈಯಾಗ ಕೊಡ್ರಿ. ಒಲ್ಲೆ ಅಂತ ನಾ ಹೇಳ್ತೀನಿ."

ಸಂಜೆ ಅವಳು ನಾಟಕದ ತಾಲೀಮಿಗೆ ಹೋದಳು. ಹೊರಗೆ ಹಿತವಾದ ಬಿಸಿಲು. ಒಳಗೆ ನಾಗರಾಜು ಕಿರೀಟ ಇಟ್ಟು ನೋಡಿಕೊಳ್ಳುತ್ತಿದ್ದರು.

"ಬಾಮ್ಮ. ಕಾಫಿ ತಂದ್ಯಾ?"

"ನಮ್ಮನೆಯವರು ನಾಳೆ ಬರೂದಿಲ್ಲ ಸಾರ್. ರಸ್ತೆ ತೆರೆಯೂತನಕ ಅಲ್ಲೇ ಇರ್ತಾರ."

"ಏಪ್ರಿಲ್ಲಲ್ಲಿ ಎಂಥಾ ಸ್ನೋ ಅಮ್ಮ? ರಾತ್ರಿಯೆಲ್ಲ ಡ್ರೈವ್ ಮಾಡಿದ್ರೆ ಪ್ರೋಗ್ರಾಮಿಗೆ ಬಂದ್ಬಿಡ್ತಾನೆ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ."

"ನಿಮ್ಮ ಗೌತಮ್ ಟಾಹೋ ಗುಡ್ಡಕ್ಕ ಹೋದಾಗ, ತುಸು ಸ್ನೋ ಬಿದ್ದಿದ್ದಕ್ಕ ಹೋಟೆಲ್ ಬಿಟ್ಟು ಹೊರಡಬ್ಯಾಡ ಅಂತ ಮಗನಿಗೆ ಹೇಳಿದವರು ನೀವೇ. ನಮ್ಮನೆಯವರ ಜೀವ ಪರದೆಗಿಂತ ಅಗ್ಗ ಏನ್ರಿ?"

ನಾಗರಾಜು ಕಿರೀಟ ತೆಗೆದು ಮೇಜಿನ ಮೇಲಿಟ್ಟರು. ಕೇದಾರ ಹೇಗಿದ್ದಾನೆಂದು ಅಲ್ಲಿದ್ದವರು ಯಾರೂ ಕೇಳಲಿಲ್ಲ. ಅದು ಅವಳಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಶನಿವಾರ ಬರಿ ಗೋಡೆಯ ಮುಂದೆಯೇ ನಾಟಕ ನಡೆಯಿತು. ವಿಜಯಶ್ರೀ ಮೊದಲ ಸಾಲಿನಲ್ಲಿ ಕೂತು ಫೋನು ಎತ್ತಿ ಹಿಡಿದಿದ್ದಳು. ಅದರೊಳಗೆ ಕಂಬಳಿ ಹೊದ್ದ ಕೇದಾರ ನೋಡುತ್ತಿದ್ದ, ಪಕ್ಕದಲ್ಲಿ ಚರ್ಚಿನ ಇಬ್ಬರು ಅಜ್ಜಿಯರು.

ನಡುವೆ ಯಾರೋ ಬಗ್ಗಿ ಪಿಸುಗುಟ್ಟಿದರು. "ಅಕ್ಕಾ, ಕಾಫಿ ಎಲ್ಲಿ?"

"ಇವತ್ತು ಅಡ್ಜಸ್ಟ್ ಮಾಡ್ಕೊಳ್ರಿ" ಎಂದಳು, ತಿರುಗಿ ನೋಡದೆ.