ಆರದ ಆವಿಗೆ, ಅಲ್ಲಾಡುವ ಕಲ್ಲು

ಬೆಳಿಗ್ಗೆ ಗಾಜಿನ ಲೋಟಕ್ಕೆ ಕುದಿಯುವ ಟೀ ಸುರಿದೆ. ಟಿಣ್ ಎಂದು ತಳ ಕಳಚಿ ಬಿತ್ತು. ಟೀ ಹೋದದ್ದಕ್ಕೆ ಬೇಜಾರಿಲ್ಲ, ಇನ್ನೊಂದು ಕಾಸಿಕೊಂಡೆ. ಸದ್ದು ಮಾತ್ರ ಕಿವಿಯಲ್ಲಿ ಕೂತುಬಿಟ್ಟಿತು. ಒಂದು ಕಾಲಕ್ಕೆ ಆ ಸದ್ದು ಕೇಳಿದರೆ ತಪ್ಪು ನನ್ನ ತಲೆಗೇ ಬರುತ್ತಿತ್ತು.

ನಾನು ಮೊಸಳೆಯವಳು. ಮೊಸಳೆ ಅಂದರೆ ಹಾಸನದ ಹತ್ತಿರದ ಊರು. ನಗುವವರು ನಕ್ಕುಬಿಡಿ, ಕಾಯುತ್ತೇನೆ. ಹಳ್ಳಿಮೈಸೂರಿನ ಕುಂಬಾರರ ಮನೆಗೆ ಸೊಸೆಯಾಗಿ ಬಂದಾಗ ಎರಡನೇ ಮಹಾಯುದ್ಧದ ಸುದ್ದಿ ಸಂತೆಗೆ ಇನ್ನೂ ಹೊಸದು. ಬಂದ ತಿಂಗಳಲ್ಲೇ ಮಾವ ತೀರಿಕೊಂಡರು. ಆಮೇಲೆ ಆವಿಗೆಯಲ್ಲಿ ಸುಟ್ಟ ಮಡಕೆಗಳು ಒಡೆಯತೊಡಗಿದವು. ಮೇಲಿನ ಹುಲ್ಲು-ಕೆಸರಿನ ಮುಚ್ಚಿಗೆ ತೆಗೆಯುತ್ತಿದ್ದ ಹಾಗೆ ಟಿಣ್, ಟಿಣ್. ಅತ್ತೆ ಮಡಕೆ ನೋಡುತ್ತಿರಲಿಲ್ಲ, ನನ್ನ ಕಾಲು ನೋಡುತ್ತಿದ್ದರು.

ಅತ್ತೆ ಕೆಟ್ಟವರಲ್ಲ. ಬಾಯಲ್ಲಿ ಎಲೆ ಅಡಿಕೆ ಇದ್ದಾಗ ಮಾತ್ರ ಮನೆಗೆ ನೆಮ್ಮದಿ, ಹಾಗಾಗಿ ಎಲೆಗೆ ಸುಣ್ಣ ಸವರಿ ಕೊಡುವುದನ್ನು ಬೇಗ ಕಲಿತೆ. ನನ್ನ ಗಂಡ ಮಣ್ಣು ತುಳಿಯುವುದರಲ್ಲಿ ಗಟ್ಟಿಗ, ಮಾತಿನಲ್ಲಿ ನೀರು. ಮತ್ತೊಂದು ಆವಿಗೆ ಹಾಳಾದ ದಿನ ಅತ್ತೆ ನನ್ನ ತವರಿಗೆ ಹೇಳಿಕಳಿಸಿದರು: ಮುಂದಿನದೂ ಒಡೆದರೆ ಇವಳನ್ನು ಕರೆದುಕೊಂಡು ಹೋಗಿ. ಹೋದರೆ ಹೋದಂತೆಯೇ, ತಿರುಗಿ ಕರೆಯುವ ಮಾತಿರಲಿಲ್ಲ.

ಆ ದಿನಗಳಲ್ಲಿ ಚನ್ನರಾಯಪಟ್ಟಣದ ಕಡೆಯ ಜೈನರೊಬ್ಬರು ನಮ್ಮ ಜಗಲಿಯಲ್ಲಿ ಚೀಲ ಇಡುತ್ತಿದ್ದರು. ಬೆಂಗಳೂರಿನಲ್ಲಿ ದೊಡ್ಡ ಓದು ಓದುವವರು. ಹೊಲದ ಬದುವಿನಲ್ಲಿ ಬೆಣಚು ಕಲ್ಲು ಆರಿಸುತ್ತ ತಿರುಗುತ್ತಿದ್ದರು. ಕಲ್ಲು ನೀರಿನ ಹಾಗೆ ತಿಳಿಯಾಗಿರಬೇಕು. ಅವರ ತಲೆ ಕೆಟ್ಟಿದೆ ಎಂದು ಊರಿನವರು ಅಂದುಕೊಂಡಿದ್ದರು. ನಾನೂ ಅಷ್ಟೆ.

"ಈ ಕಲ್ಲು ತಕಂಡು ಏನ್ ಮಾಡ್ತೀರಿ ಸಾ?"

"ಕಾಯಿಸಿ, ಒಳಗೆ ಬೆಳಕು ಬಿಟ್ಟು ನೋಡ್ತೀವಮ್ಮ. ಅದು ಅಲ್ಲಾಡೋದು ಗೊತ್ತಾಗುತ್ತೆ."

ಒಳಗಿನಿಂದ ಅತ್ತೆ ಅಂದರು, "ಕಲ್ಲೂ ಅಲ್ಲಾಡ್ತದಂತೆ. ಅಲ್ಲಾಡ್ದೆ ಇರೋನು ನನ್ ಮಗ ಒಬ್ನೇಯ."

ಅವರು ಬೇಸರಿಸಲಿಲ್ಲ. ಕಲ್ಲಿನೊಳಗೆ ಅಣುಗಳು ಕೋಲಾಟದವರ ಹಾಗೆ ಲೆಕ್ಕವಾಗಿ ನಿಂತಿರುತ್ತವೆ, ನಿಂತಲ್ಲೇ ತೂಗುತ್ತಿರುತ್ತವೆ ಎಂದರು. ತೂಗಾಟ ಹಲವು ಥರ. ಬೆಳಕಿನಲ್ಲಿ ಒಂದೊಂದೂ ಒಂದೊಂದು ಗೆರೆಯಾಗಿ ಕಾಣುತ್ತದೆ. ಕಾಯಿಸುತ್ತ ಹೋದರೆ ಅದರಲ್ಲಿ ಒಂದು ಗೆರೆ ಮಸುಕಾಗಿ ಜಾಗ ಬಿಟ್ಟು ಸರಿಯುತ್ತದೆ. ಆ ತೂಗಾಟ ಸಡಿಲವಾಗಿ ನಿಧಾನವಾಯಿತು ಅಂತ ಅರ್ಥ. ಕಲ್ಲು ಕೆಂಪಗೆ ಕಾಯುವ ಹೊತ್ತಿಗೆ ಇಡೀ ಸಾಲು ಹಳೆಯ ನಿಲುವು ಬಿಟ್ಟು ಹೊಸದಕ್ಕೆ ಹೋಗುತ್ತದೆ. ಕರಗುವುದಿಲ್ಲ, ಅದೇ ಕಲ್ಲು. ನಿಲುವು ಬೇರೆ, ಗಾತ್ರ ಒಂಚೂರು ದೊಡ್ಡದು.

ನನಗೆ ನಮ್ಮ ಮಡಕೆ ಮಾಡುವ ಚಕ್ರ ನೆನಪಾಯಿತು. "ತಿಗರಿ ಓಟ ಸಣ್ಣಗಾಗಿ, ಓಲಾಡಿ, ಒಂದ್ ಕಡೀಕೆ ಒರಗ್ತದಲ್ಲ, ಅಂಗಾ ಸಾ?"

"ಹತ್ತಿರ ಬಂದ್ರಿ. ಆದ್ರೆ ಕಲ್ಲು ಆರಿದ್ರೆ ತಿರುಗಿ ಹಳೇ ನಿಲುವಿಗೇ ಬರುತ್ತೆ. ಆಗ ತಟಕ್ಕನೆ ಕುಗ್ಗುತ್ತೆ. ಒಂದು ಕಡೆ ಬೇಗ, ಒಂದು ಕಡೆ ತಡ ಆದ್ರೆ ಸೀಳುತ್ತೆ."

"ಟಿಣ್ ಅಂತಾ?"

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಮಣ್ಣಿಗೆ ಏನು ಸೇರಿಸುತ್ತೀರಿ ಎಂದು ಕೇಳಿದರು. ಹೊಳೆ ಮರಳು ಅಂದೆ. ಆ ಮರಳೂ ಬಹುಪಾಲು ಇದೇ ಕಲ್ಲಿನ ಪುಡಿ ಎಂದರು.

ಆಗ ತಿಳಿಯಿತು. ಮುಚ್ಚಿಗೆ ಮೇಲೆ ಅಂಗೈ ಇಡುವಷ್ಟು ಆರುವವರೆಗೂ ಮಾವ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲವಂತೆ. ಅವರು ಹೋದ ಮೇಲೆ ಅತ್ತೆಗೆ ಅರಕಲಗೂಡಿನ ಸಂತೆ ಹಿಡಿಯುವ ಆತುರ. ಒಳಗೆ ಕೆಂಪು ಇರುವಾಗಲೇ ಮುಚ್ಚಿಗೆ ಕಿತ್ತು ಗಾಳಿ ಬಿಡುತ್ತಿದ್ದರು. ಒಡೆಯಲು ಶುರುವಾದದ್ದು ನಾನು ಬಂದ ಮೇಲೆ, ನಿಜ. ಮಾವ ಹೋದ ಮೇಲೆ ಅನ್ನುವುದೂ ಅಷ್ಟೇ ನಿಜ.

ಮುಂದಿನ ಆವಿಗೆ ಸುಟ್ಟ ಮಾರನೆಯ ಬೆಳಿಗ್ಗೆ ನಮ್ಮಣ್ಣ ಗಾಡಿ ಕಟ್ಟಿಕೊಂಡು ಬಂದು ನಿಂತಿದ್ದ. ಅತ್ತೆ ಮುಚ್ಚಿಗೆ ಕೀಳುವ ಕೋಲು ಹಿಡಿದು ಬಂದರು. ನಾನು ಆವಿಗೆಗೆ ಬೆನ್ನು ಕೊಟ್ಟು ಕೂತೆ.

"ಏಳೇ, ಸಂತೆಗೆ ಒತ್ತಾಯ್ತದೆ."

"ಏಳಕ್ಕಿಲ್ಲ ಅತ್ತೆ. ಆರ್ಲಿ."

"ಬೆನ್ನು ಸುಡ್ತದೆ ಕಣೇ."

"ಸುಡ್ಲಿ ಬುಡಿ. ಆರಿದ್ ಮ್ಯಾಲೂ ಒಡ್ದಿದ್ರೆ ನಾನೇ ಗಾಡಿ ಅತ್ತೀನಿ."

ಆಗ ಗಂಡ ಬಾಯಿ ಬಿಟ್ಟ. "ಅವ್ವಾ, ಇದೊಂದ್ ಕಿತ ಅವ್ಳು ಏಳ್ದಂಗೆ ಬುಟ್ಬುಡು."

ಅತ್ತೆ ನನ್ನನ್ನು ಬಿಟ್ಟು ಅವನನ್ನೇ ನೋಡಿದರು. ಕಲ್ಲು ಅಲ್ಲಾಡಿದರೂ ಅಷ್ಟು ಬೆರಗಾಗುತ್ತಿರಲಿಲ್ಲ. ಕೋಲು ಗೋಡೆಗೆ ಒರಗಿಸಿದರು. ಅಣ್ಣ ಎತ್ತು ಬಿಚ್ಚಿದ. ಸಂತೆ ತಪ್ಪಿತು.

ಮಾರನೆಯ ದಿನ ಮುಚ್ಚಿಗೆ ತೆಗೆದಾಗ ಸದ್ದಿಲ್ಲ. ಅತ್ತೆ ಒಂದೊಂದೇ ಮಡಕೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರು. ಅಲ್ಲೊಂದು ಇಲ್ಲೊಂದು ಸೀಳಿತ್ತು, ಸುಳ್ಳು ಯಾಕೆ ಹೇಳಲಿ. ಉಳಿದದ್ದೆಲ್ಲ ಗಟ್ಟಿ.

ಅತ್ತೆ ಅಣ್ಣನಿಗೆ ಅಂದರು, "ಗಾಡಿ ಬರೀದು ಯಾಕಪ್ಪ ಒಡ್ಕಂಡೋಯ್ತೀಯ? ಮಡ್ಕೆ ಏರ್ಸು. ಒಳೆನರ್ಸೀಪುರದಾಗೆ ಇಳ್ಸು." ಆಮೇಲೆ ನನ್ನ ಕಡೆ ತಿರುಗದೆ, "ಸಂದೀಗೆ ಉಲ್ಲು ತುಂಬೇ. ಕುಲುಕಾಡಿ ಒಡ್ದಾವು."

ಕಲ್ಲು ಆರಿಸುವವರು ಮತ್ತೆ ಬರಲಿಲ್ಲ. ಅವರ ಗೆರೆ ಅವರಿಗೆ ಸರಿಯಾಗಿ ಸಿಕ್ಕಿರಲಿ. ಮನೆಗೆ ಹೊಸ ಸೊಸೆ ಬಂದ ದಿನ ಹಾಲು ಒಡೆದರೆ ನಾನು ಪಾತ್ರೆ ಸರಿಯಾಗಿ ತೊಳೆದಿದ್ದರೋ ಇಲ್ಲವೋ ಎಂದು ನೋಡುತ್ತೇನೆ, ಅವಳ ಕಾಲು ನೋಡುವುದಿಲ್ಲ.

ಈಗ ಆವಿಗೆ ಇದ್ದ ಜಾಗದಲ್ಲಿ ಕೋಣೆ ಎದ್ದಿದೆ. ನನ್ನ ಮಂಚ ಅಲ್ಲೇ, ಆವತ್ತು ಕೂತಿದ್ದ ಕಡೆಗೇ. ಏಳು ಎಂದು ಇದುವರೆಗೆ ಯಾರೂ ಹೇಳಿಲ್ಲ.