ಒಗೆಯದ ಅಂಗಿ ಗೆದ್ದ ಪತಾಕೆ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಗೆ ಸೇರಿದ ಒಂದು ಅಂಗಿ ಇತ್ತು, ಆದರೆ ಅದಕ್ಕೆ ಮನೆಯೊಳಗೆ ಜಾಗವಿರಲಿಲ್ಲ. ಅದು ಎರಡು ಪ್ಲಾಸ್ಟಿಕ್ ಚೀಲಗಳೊಳಗೆ, ಬಿಗಿಯಾದ ಗಂಟಿನಲ್ಲಿ, ಅಡುಗೆಮನೆಯ ಕಿಟಕಿಯಾಚೆ ಬಟ್ಟೆ ಒಣಗಿಸುವ ಬಿದಿರು ಕೋಲಿಗೆ ನೇತಾಡುತ್ತಿತ್ತು. ಆದರೂ ನಾತ ಒಳಗೆ ಬರುತ್ತಿತ್ತು. ಊಟಕ್ಕೆ ಕೂತಾಗ ಗಾಳಿ ನಮ್ಮ ಕಡೆ ತಿರುಗಿದರೆ ಸಾಕು, ತಟ್ಟೆ ಎತ್ತಿಕೊಂಡು ಮುಂದಿನ ಕೋಣೆಗೆ ಓಡುತ್ತಿದ್ದೆವು. ಅದು ಅಪ್ಪನ ಅಂಗಿ. ಇಷ್ಟು ವರ್ಷವಾದ ಮೇಲೂ ನೆನೆಸಿಕೊಂಡರೆ ನನ್ನ ಕೈ ತಾನಾಗಿ ಮೂಗಿಗೆ ಹೋಗುತ್ತದೆ. ಅದರ ಕತೆ ಹೇಳುತ್ತೇನೆ, ಊಟ ಆದವರು ಮಾತ್ರ ಕೇಳಿ.

ಆಗ ನಾವು ಸಿಂಗಾಪುರದ ಟ್ಯಾಂಪಿನೀಸ್‌ನಲ್ಲಿ ಹನ್ನೊಂದನೆಯ ಮಹಡಿಯಲ್ಲಿದ್ದೆವು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಕಿಟಕಿಯಿಂದ ಎತ್ತ ನೋಡಿದರೂ ಕ್ರೇನುಗಳು. ಹೋದ ತಿಂಗಳು ಖಾಲಿಯಿದ್ದ ಜಾಗದಲ್ಲಿ ಈ ತಿಂಗಳು ಐದು ಮಹಡಿ ಎದ್ದಿರುತ್ತಿತ್ತು. ಅಪ್ಪ ತಂಜಾಂಗ್ ಪಗಾರ್‌ನ ಒಂದು ದೊಡ್ಡ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದರು. ಆ ವರ್ಷ ಅವರ ಆಫೀಸು ಮುಟ್ಟಿದ್ದೆಲ್ಲ ಚಿನ್ನವಾಗುತ್ತಿತ್ತಂತೆ. ಅಲ್ಲಿಯವರಿಗೆ ಗೆಲ್ಲುವುದು ಒಂದು ಚಟವಾಗಿ ಹೋಗಿತ್ತು.

ಆಫೀಸುಗಳ ನಡುವೆ ಪ್ರತಿ ವರ್ಷ ಸಾಫ್ಟ್‌ಬಾಲ್ ಲೀಗ್ ನಡೆಯುತ್ತಿತ್ತು. ಸಾಫ್ಟ್‌ಬಾಲ್ ಎಂದರೆ ಬೇಸ್‌ಬಾಲಿನ ತಂಗಿ ಎಂದುಕೊಳ್ಳಿ. ಒಬ್ಬರು ಚೆಂಡು ಎಸೆಯುತ್ತಾರೆ, ಇನ್ನೊಬ್ಬರು ಹೊಡೆದು ಓಡುತ್ತಾರೆ, ಮೂರು ಮೂಲೆ ಮುಟ್ಟಿ ಹೊರಟ ಜಾಗಕ್ಕೆ ವಾಪಸು ಬಂದರೆ ಒಂದು ರನ್. ಏಳು ತಿಂಗಳ ಸೀಸನ್ನಿನ ಕೊನೆಗೆ ಗೆದ್ದವರಿಗೆ ಟ್ರೋಫಿ ಕೊಡುತ್ತಿರಲಿಲ್ಲ, ಮೂರು ಮೂಲೆಯ ಒಂದು ನೀಲಿ ಪತಾಕೆ ಕೊಡುತ್ತಿದ್ದರು. ಆ ಪತಾಕೆ ತಮ್ಮ ಆಫೀಸಿನ ಬಾಗಿಲಲ್ಲಿ ಹಾರಬೇಕೆಂದು ಅಪ್ಪನ ಬಾಸ್ ಹಟ ಹಿಡಿದಿದ್ದರು. ಬಾಗಲಕೋಟೆಯ ಓಣಿಯಲ್ಲಿ ಚಿನ್ನಿದಾಂಡು ಆಡಿ ಬೆಳೆದ ಅಪ್ಪನ ಕೈಗೆ ಬ್ಯಾಟು ಬಂದದ್ದು ಹಾಗೆ.

ನನ್ನ ಅಪ್ಪನಂಥ ಶುಚಿಯ ಮನುಷ್ಯರನ್ನು ನಾನು ಕಂಡಿಲ್ಲ. ದಿನಕ್ಕೆ ಎರಡು ಸಲ ಸ್ನಾನ. ಲಿಂಗಪೂಜೆ ಆಗದೆ ಒಂದು ಗುಟುಕು ಚಹಾ ಇಲ್ಲ. ಹೊರಗಿನಿಂದ ಬಂದವರು ಕಾಲು ತೊಳೆಯದೆ ಸೋಫಾದ ಹತ್ತಿರ ಸುಳಿಯುವಂತಿರಲಿಲ್ಲ. ಮಾತಿನಲ್ಲೂ ಅಷ್ಟೇ ಮಡಿ. ಒಮ್ಮೆ ಅಕ್ಕನಿಗೆ ಟೀಚರ್ ತಪ್ಪಿ ಎರಡು ಮಾರ್ಕು ಹೆಚ್ಚು ಕೊಟ್ಟಿದ್ದರು. ಅಪ್ಪ ಅವಳನ್ನು ಮರುದಿನವೇ ಶಾಲೆಗೆ ಕರೆದುಕೊಂಡು ಹೋಗಿ, ಅವಳ ಬಾಯಿಂದಲೇ ಹೇಳಿಸಿ, ಆ ಎರಡು ಮಾರ್ಕು ಕಳೆಸಿದರು. ಅಕ್ಕ ಮೊದಲನೆಯ ಸ್ಥಾನ ಕಳೆದುಕೊಂಡು ವಾರಗಟ್ಟಲೆ ಅತ್ತಳು. ಅಪ್ಪ ಕರಗಲಿಲ್ಲ.

ಅಂಥವರನ್ನು ಕೆಡಿಸಿದ್ದು ತಂಡದ ಕ್ಯಾಪ್ಟನ್ ಅಂಕಲ್. ಅವರು ಬೆಂಗಳೂರಿನವರು. ಸತತವಾಗಿ ಮೂರು ಮ್ಯಾಚು ಗೆದ್ದ ದಿನ ಎಲ್ಲರನ್ನೂ ನಿಲ್ಲಿಸಿ, "ಇನ್ಮೇಲೆ ಯಾರೂ ಜರ್ಸಿ ವಾಶ್ ಮಾಡ್ಬೇಡಿ. ಸೀಸನ್ ಮುಗಿಯೋವರೆಗೂ ಹೀಗೇ ಇರಲಿ. ತೊಳೆದ್ರೆ ಲಕ್ ಹೋಗ್ಬಿಡುತ್ತೆ" ಎಂದರಂತೆ. ಸೂಟು ಬೂಟು ಹಾಕಿ ಕಂಪ್ಯೂಟರ್ ನಡೆಸುವ ಹದಿನಾಲ್ಕು ಜನ ಗಂಡಸರು ಹೂಂ ಎಂದು ತಲೆಯಾಡಿಸಿ ಬಂದರು. ಅವರಲ್ಲಿ ನನ್ನ ಅಪ್ಪನೂ ಒಬ್ಬರು. ಥೂ.

ಅವ್ವ ಬೇಡಿಕೊಂಡಳು, ಬೈದಳು, ಕೊನೆಗೆ, "ಇದನ್ನ ಒಳಗ ತಂದ್ರ ನಾ ಹೊರಗ ಹೋಗ್ತೀನಿ ನೋಡ್ರಿ" ಎಂದಳು. ಅಪ್ಪ, "ಸೀಸನ್ ಮುಗೀಲಿ, ಆಮ್ಯಾಲ ನೀನ ಒಗೀವಂತಿ. ಅಲ್ಲೀತನಕ ಕೈ ಹಚ್ಚಬ್ಯಾಡ" ಎಂದು ತಾವೇ ಅದನ್ನು ಕಿಟಕಿಯ ಹೊರಗೆ ತೂಗುಹಾಕಿದರು. ಮೇಲಿನ ಮನೆಯ ಚೀನೀ ಆಂಟಿ ಒಂದು ದಿನ ಲಿಫ್ಟಿನಲ್ಲಿ ಅವ್ವನನ್ನು ತಡೆದು, ನಿಮ್ಮ ಅಡುಗೆಮನೆಯ ಹತ್ತಿರ ಏನಾದರೂ ಸತ್ತಿದೆಯಾ ಎಂದು ಮೆತ್ತಗೆ ಕೇಳಿದರು. ಅವ್ವ ನಾಚಿಕೆಯಿಂದ ಅಂದಿನಿಂದ ಮೆಟ್ಟಿಲು ಹತ್ತಿಯೇ ಬರತೊಡಗಿದಳು. ಹನ್ನೊಂದು ಮಹಡಿ.

ಕೊನೆಯ ಮ್ಯಾಚಿನ ದಿನ ಬಂತು. ಗೆದ್ದರೆ ಪತಾಕೆ. ಮ್ಯಾಚು ಜುರಾಂಗ್ ಈಸ್ಟ್ ಕಡೆಯ ಒಂದು ಮೈದಾನದಲ್ಲಿತ್ತು, ಅಂದರೆ ಊರಿನ ಈ ತುದಿಯಿಂದ ಆ ತುದಿಗೆ. ಅವ್ವ ಬರುವುದಿಲ್ಲ ಎಂದುಬಿಟ್ಟಳು. ಅಕ್ಕ ಮತ್ತು ನಾನು ಹೊರಟೆವು. ಅಂದು ಎಲ್ಲರೂ ಮನೆಯಿಂದಲೇ ಜರ್ಸಿ ಹಾಕಿಕೊಂಡು ಬರಬೇಕೆಂದು ಕ್ಯಾಪ್ಟನ್ ಅಂಕಲ್ ಹುಕುಂ ಮಾಡಿದ್ದರು. ಮೊದಲು ಬೆಳ್ಳಗಿದ್ದ ಆ ಅಂಗಿ ಈಗ ಕೊಳೆತ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಕಂಕುಳಲ್ಲಿ ಉಪ್ಪು ಬಿಳಿ ಗೆರೆಗಳಾಗಿ ಕೂತಿತ್ತು. ಬೆನ್ನಿನ ಮೇಲೆ ಬೂಷ್ಟು ಹಿಡಿದು ಹಸಿರು ಚುಕ್ಕೆಗಳೆದ್ದಿದ್ದವು. ಅಪ್ಪ ಅದನ್ನು ತೊಟ್ಟಾಗ ಬಟ್ಟೆ ಸರಕ್ ಎಂದು ಒಣ ಹಪ್ಪಳದಂತೆ ಸದ್ದು ಮಾಡಿತು.

ಎಂಆರ್‌ಟಿ ರೈಲಿನಲ್ಲಿ ಗಬ್ಬು ನಾರುವ ದುರಿಯನ್ ಹಣ್ಣು ತರಬಾರದು ಎಂದು ಬೋರ್ಡು ಹಾಕಿದ್ದರು. ಅಪ್ಪನ ಅಂಗಿಯ ಬಗ್ಗೆ ಏನೂ ಬರೆದಿರಲಿಲ್ಲ. ನಾವು ಕೂತ ಎರಡು ನಿಮಿಷಕ್ಕೆ ಅಕ್ಕಪಕ್ಕದ ಸೀಟುಗಳು ಖಾಲಿಯಾದವು. ಒಬ್ಬ ಅಜ್ಜಿ ಮೂಗಿಗೆ ಮುಲಾಮು ಹಚ್ಚಿಕೊಂಡು ನನ್ನನ್ನು ಕನಿಕರದಿಂದ ನೋಡಿದಳು. "ನಾವು ಆ ಕಡೆ ಹೋಗಿ ನಿಲ್ತೀವಿ ಲಾ, ಅಪ್ಪ. ಎಲ್ಲಾರೂ ಸ್ಟೇರ್ ಮಾಡ್ತಿದ್ದಾರೆ" ಎಂದು ಅಕ್ಕ ಸಿಂಗಾಪುರದವರ ಧಾಟಿಯಲ್ಲಿ ಹೇಳಿ ನನ್ನ ಕೈ ಹಿಡಿದು ಎದ್ದಳು. ಅಪ್ಪ ನಕ್ಕರು. ದೂರದ ಬಾಗಿಲ ಬಳಿ ನಿಂತು ನಾವು ಆ ಮನುಷ್ಯ ಯಾರೋ ಗೊತ್ತೇ ಇಲ್ಲದವರಂತೆ ನಟಿಸಿದೆವು. ನಮ್ಮಪ್ಪನನ್ನು ನಮ್ಮವರಲ್ಲ ಎಂದುಕೊಂಡದ್ದು ಅದೇ ಮೊದಲು.

ಆಟ ಅರ್ಧವಾಗುವಾಗ ಮೋಡ ಕವಿಯಿತು. ಸಿಡಿಲಿನ ಎಚ್ಚರಿಕೆಯ ಸೈರನ್ ಕೂಗಿತು. ಎಲ್ಲರೂ ಮೈದಾನದ ಪಕ್ಕದ ಸಣ್ಣ ತಗಡಿನ ಮಾಡಿನಡಿ ಓಡಿ ನಿಂತೆವು. ಸುರಿಯುವ ಮಳೆ, ಬೀಸದ ಗಾಳಿ, ಆ ಹದಿನಾಲ್ಕು ಅಂಗಿಗಳು ಒದ್ದೆಯಾಗಿ ಹಬೆಯಾಡುತ್ತಿದ್ದವು. ಬೆವರು, ಕೆಸರು, ಸೊಳ್ಳೆಗೆ ಹಚ್ಚುವ ಎಣ್ಣೆ, ಯಾರೋ ತಿಂದು ಒರೆಸಿಕೊಂಡ ಮೀನಿನ ಸಾರು, ಇವೆಲ್ಲ ಕಲೆತ ಆ ಗಬ್ಬನ್ನು ನಾನು ಒಂದು ಗಂಟೆ ಕುಡಿದೆ. ಮೂಗು ಮುಚ್ಚಿದರೆ ನಾಲಿಗೆಗೆ ಅದರ ರುಚಿ ಬರುತ್ತಿತ್ತು. ಇದು ಇವತ್ತೇ ಮುಗಿಯಲಿ ದೇವರೇ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಗೆಲ್ಲಲಿ ಬಿಡಲಿ, ಮುಗಿದರೆ ಸಾಕಿತ್ತು.

ಮಳೆ ನಿಂತು ಆಟ ಮತ್ತೆ ಶುರುವಾದಾಗ ಅಕ್ಕ ದೂರದ ಬೆಂಚಿಗೆ ಹೋಗಿ ಪುಸ್ತಕ ತೆರೆದಳು. ನಾನು ಬ್ಯಾಟು ಹಿಡಿದವರ ಹಿಂದಿನ ಬಲೆಗೆ ಹಣೆಯೊತ್ತಿ ಕೂತೆ, ಗಾಳಿ ಅಲ್ಲಿಂದ ಆಚೆಗೆ ಬೀಸುತ್ತಿತ್ತು. ಕೊನೆಯ ಸರದಿ ಬರುವ ಹೊತ್ತಿಗೆ ಎರಡೂ ತಂಡಗಳ ರನ್ನು ಸಮ. ಮೂವರು ಔಟಾದರೆ ಸರದಿ ಮುಗಿಯಿತು; ನಮ್ಮ ಇಬ್ಬರು ಆಗಲೇ ಔಟಾಗಿದ್ದರು, ಮೂರು ಮೂಲೆಗಳಲ್ಲೂ ನಮ್ಮವರು ಓಡಲು ಕಾದು ನಿಂತಿದ್ದರು. ಬ್ಯಾಟು ಹಿಡಿದು ಬಂದದ್ದು ಅಪ್ಪ. ಅವರು ಔಟಾದರೆ ಪಂದ್ಯ ಸಮ, ಮುಂದಿನ ಭಾನುವಾರ ಮತ್ತೆ ಆಡಬೇಕು. ಮತ್ತೆ ಆಡಬೇಕೆಂದರೆ ಆ ಅಂಗಿ ಇನ್ನೊಂದು ವಾರ ನಮ್ಮ ಕಿಟಕಿಯಲ್ಲಿ.

ಎದುರಿನವರು ಎಸೆದ ಚೆಂಡು ಅಪ್ಪನ ಹೊಟ್ಟೆಯತ್ತ ನುಗ್ಗಿತು. ಅಪ್ಪ ಹಿಂದಕ್ಕೆ ಬಾಗಿದರು. ಚೆಂಡು ಅಂಗಿಯ ಮುಂದೆ ಒಂದು ಗೇಣು ಜಾಗ ಬಿಟ್ಟು ಹಾದುಹೋಯಿತು. ಆ ಗೇಣು ಜಾಗದಾಚೆಯ ಹಸಿರು ಹುಲ್ಲು ನನಗೆ ಕಂಡಿತು. ಅಷ್ಟರಲ್ಲಿ ಕ್ಯಾಪ್ಟನ್ ಅಂಕಲ್, "ಟಚ್ ಆಯ್ತು, ಟಚ್ ಆಯ್ತು" ಎಂದು ಕೂಗುತ್ತಾ ಓಡಿ ಬಂದರು. ಚೆಂಡು ಮೈಗೆ ಅಥವಾ ಬಟ್ಟೆಗೆ ತಗುಲಿದರೆ ಆಟಗಾರ ಪುಕ್ಕಟೆ ಮೊದಲ ಮೂಲೆಗೆ ಹೋಗಬಹುದು, ಉಳಿದವರು ಒಂದೊಂದು ಮೂಲೆ ಮುಂದೆ ಸರಿಯುತ್ತಾರೆ. ಅಂದರೆ ಒಂದು ರನ್, ಅಂದರೆ ಪತಾಕೆ.

ಅಂಪೈರ್ ವಯಸ್ಸಾದ ತಮಿಳು ಮೇಷ್ಟರು, ಆಗಲೇ ನಿವೃತ್ತರು. ಕೆಂಪು ಕೆಸರು ಮೆತ್ತಿದ ಚೆಂಡನ್ನು ಕೈಯಲ್ಲಿ ಹಿಡಿದು ಅವರು ಅಪ್ಪನ ಅಂಗಿಯ ಮೇಲೆ ಗುರುತು ಹುಡುಕಿದರು. ಒಗೆದ ಅಂಗಿಯಾಗಿದ್ದರೆ ಕೆಂಪು ಕಲೆ ಇದೆಯೋ ಇಲ್ಲವೋ ಎಂದು ಕುರುಡರೂ ಹೇಳಬಹುದಿತ್ತು. ಇದರ ಮೇಲೆ ಕಲೆಯಿಲ್ಲದ ಜಾಗವೇ ಇರಲಿಲ್ಲ. ಅವರು ಮೂಗು ಹಿಡಿದು ಹಿಂದೆ ಸರಿದು, ಚೆಂಡು ತಾಗಿತಾ ಎಂದು ಅಪ್ಪನನ್ನೇ ಕೇಳಿದರು. ಅಪ್ಪ ಕ್ಯಾಪ್ಟನ್ ಅಂಕಲ್ ಕಡೆ ನೋಡಿದರು, ಸಾಲಾಗಿ ನಿಂತ ತಮ್ಮ ಗೆಳೆಯರ ಕಡೆ ನೋಡಿದರು. ಆಮೇಲೆ, "ಯೆಸ್" ಎಂದರು.

ನನಗೆ ನಂಬಲಾಗಲಿಲ್ಲ. ಎರಡು ಮಾರ್ಕಿಗೆ ಅಕ್ಕನನ್ನು ಅಳಿಸಿದ ಬಾಯಿ ಅದು. ಎದುರಿನ ತಂಡದವರು ಗಲಾಟೆ ಎಬ್ಬಿಸಿದರು. ಅಂಪೈರ್ ಬಲೆಯ ಹತ್ತಿರ ಬಂದು ನನ್ನ ಮುಂದೆ ಬಗ್ಗಿ, ನೀನು ಇಲ್ಲೇ ಕೂತಿದ್ದೆಯಲ್ಲ, ನಿನಗೆ ಕಂಡಿತಾ, ತಾಗಿತಾ ಎಂದು ಕೇಳಿದರು. ಅವಳು ಅವನ ಮಗಳು ಎಂದು ಯಾರೋ ಕೂಗಿದರು. ಮೇಷ್ಟರು ತಿರುಗಿ, ನಾನು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು, ಮುಖ ನೋಡಿದರೆ ಸುಳ್ಳು ಯಾವುದು ನಿಜ ಯಾವುದು ನನಗೆ ತಿಳಿಯುತ್ತದೆ ಎಂದರು.

ನಾನು ಅಪ್ಪನನ್ನು ನೋಡಿದೆ. ಅವರು ನನ್ನನ್ನು ನೋಡಲಿಲ್ಲ, ಬೂಟಿನ ಕೆಸರನ್ನು ಬ್ಯಾಟಿನಿಂದ ಕೆರೆಯುತ್ತಿದ್ದರು. ಇಲ್ಲ ಎಂದರೆ ಇನ್ನೂ ಒಂದು ವಾರ ಆ ಅಂಗಿ. ನನ್ನ ತಲೆಯಲ್ಲಿ ಆ ಕ್ಷಣ ಇದ್ದದ್ದು ಅಷ್ಟೇ, ದೇವರಾಣೆ ಅಷ್ಟೇ. ನಾನು ಹೌದೆಂದು ತಲೆಯಾಡಿಸಿದೆ. ಮೇಷ್ಟರು ನನ್ನ ಮುಖವನ್ನು ಚೆನ್ನಾಗಿ ನೋಡಿ, ತೃಪ್ತಿಯಿಂದ, "ಗುಡ್ ಗರ್ಲ್" ಎಂದು ಎದ್ದರು.

ಪತಾಕೆ ನಮ್ಮದಾಯಿತು. ಕ್ಯಾಪ್ಟನ್ ಅಂಕಲ್ ನನ್ನನ್ನು ಎತ್ತಿ ಕುಣಿಸಿದರು. ಅವರ ಕೈಯಿಂದ ಇನ್ನೊಬ್ಬರ ಕೈಗೆ, ಅಲ್ಲಿಂದ ಮತ್ತೊಬ್ಬರ ಕೈಗೆ ದಾಟುತ್ತಾ ಹೋದೆ. ಆ ಅಂಗಿಗಳು ನನ್ನ ಕೆನ್ನೆಗೆ, ಬಾಯಿಗೆ ಅಂಟಿದವು. ಕೆಳಗಿಳಿಸಿದ ತಕ್ಷಣ ನಾನು ಎಲ್ಲರೆದುರು ಭಡಭಡ ವಾಂತಿ ಮಾಡಿದೆ. ಪಾಪ, ನಾತಕ್ಕೆ ಹಾಗಾಗಿದೆ ಎಂದು ಎಲ್ಲರೂ ನಕ್ಕರು.

ಅಪ್ಪ ನನ್ನನ್ನು ನಲ್ಲಿಯ ಹತ್ತಿರ ಕರೆದೊಯ್ದು ಬಾಯಿ ತೊಳೆಸಿದರು. ನೀರು ಬಿಟ್ಟುಕೊಂಡೇ, ನನ್ನ ಕಡೆ ನೋಡದೆ ಕೇಳಿದರು.

"ನೀ ನೋಡಿದೇನು?"

"ಹೂಂ. ತಾಗಿಲ್ಲ."

"ಮತ್ತ ಯಾಕ ಹೌದಂದಿ?"

ಅಂಗಿಯ ವಿಷಯ ಹೇಳಬೇಕೆಂದುಕೊಂಡೆ. ಬಾಯಿಗೆ ಬಂದದ್ದು ಬೇರೆ. "ನೀವು ಹೌದಂದ್ರಲ್ಲ, ಅದಕ್ಕ" ಎಂದೆ.

ನೀರು ಸುಮ್ಮನೆ ಹರಿಯುತ್ತಲೇ ಇತ್ತು. ಅಂಪೈರ್ ಮೇಷ್ಟರು ಇಪ್ಪತ್ತು ಹೆಜ್ಜೆ ದೂರದಲ್ಲಿ ತಮ್ಮ ಚೀಲಕ್ಕೆ ಸಾಮಾನು ತುಂಬುತ್ತಿದ್ದರು. ಅಪ್ಪ ಅತ್ತ ನೋಡಿದರು. ಈಗ ಹೋಗುತ್ತಾರೆ, ಹೋಗಿ ಹೇಳುತ್ತಾರೆ ಎಂದು ನಾನು ಅವರ ಕೈ ಬಿಟ್ಟೆ. ಮೇಷ್ಟರು ಚೀಲದ ಜಿಪ್ ಎಳೆದರು, ಹೆಗಲಿಗೆ ಹಾಕಿಕೊಂಡರು, ನಮಗೆ ಕೈಬೀಸಿ ಬಸ್‌ಸ್ಟಾಪಿನ ಕಡೆ ನಡೆದರು. ಅಪ್ಪ ನಲ್ಲಿ ನಿಲ್ಲಿಸಿದರು. ಅವರು ಹೋಗಲಿಲ್ಲ.

ರೈಲಿನಲ್ಲಿ ಅಕ್ಕ ನನ್ನ ಕಿವಿಯಲ್ಲಿ, "ನಿಜವಾಗ್ಲೂ ಟಚ್ ಆಯ್ತಾ?" ಎಂದು ಕೇಳಿದಳು. ಹೂಂ ಎಂದೆ. ಎರಡನೆಯ ಸುಳ್ಳು ಮೊದಲಿನದಕ್ಕಿಂತ ಎಷ್ಟು ಸಲೀಸಾಗಿ ಬಂತೆಂದರೆ ನನ್ನ ಮೇಲೇ ನನಗೆ ಹೇಸಿಗೆಯಾಯಿತು. ಅವ್ವ ಅಂದು ಸಂಜೆಯೇ ಆ ಅಂಗಿಯನ್ನು ಬಕೆಟ್ಟಿನಲ್ಲಿ ನೆನೆಹಾಕಿ, ಕೋಲಿನಿಂದ ತಿರುವಿ, ಐದು ಸಲ ನೀರು ಬದಲಿಸಿದಳು. ಮರುದಿನ ಬೆಳಿಗ್ಗೆ ಪೂಜೆ ಮುಗಿಸಿದ ಅಪ್ಪ ಎಂದಿನಂತೆ ನನ್ನ ಹಣೆಗೆ ವಿಭೂತಿ ಹಚ್ಚಲು ಬಂದವರು, ಹಚ್ಚದೆ, ಗಟ್ಟಿಯನ್ನು ನನ್ನ ಅಂಗೈಯಲ್ಲಿಟ್ಟು ಹೋದರು. ಮುಂದಿನ ಸೀಸನ್ನಿಗೆ ಅವರು ಬ್ಯಾಟು ಮುಟ್ಟಲಿಲ್ಲ. ಆ ದಿನದ ಮಾತನ್ನು ಅವರು ಸಾಯುವವರೆಗೂ ನಾನಾಗಲಿ ಅವರಾಗಲಿ ಎತ್ತಲಿಲ್ಲ.

ಮೊಮ್ಮಕ್ಕಳೇ, ಹೋದ ವಾರ ನಿಮ್ಮ ಶಾಲೆಯ ಮ್ಯಾಚು ನೋಡಲು ಬಂದಿದ್ದೆನಲ್ಲ. ಎಷ್ಟು ಚೊಕ್ಕಟ. ನಿಮ್ಮ ಅಂಗಿಗಳು ಒಂದು ಹನಿ ಬೆವರು ಹಿಡಿದಿಟ್ಟುಕೊಳ್ಳುವುದಿಲ್ಲ, ನಾತ ಎಂದರೇನೆಂದು ನಿಮಗೆ ನಾನು ಬಾಯಲ್ಲಿ ವಿವರಿಸಬೇಕು. ಚೆಂಡು ಗೆರೆಗೆ ತಾಗಿತೋ ಇಲ್ಲವೋ ಎಂದು ಅನುಮಾನ ಬಂದಾಗ ಎಲ್ಲರೂ ತಲೆಯೆತ್ತಿ ಪರದೆ ನೋಡಿದಿರಿ. ಕ್ಯಾಮೆರಾ ಹೇಳಿತು, ಮುಗಿಯಿತು. ಗೆರೆಯ ಪಕ್ಕದಲ್ಲೇ ನಿಂತು ಕಣ್ಣಾರೆ ಕಂಡ ಹುಡುಗಿಯನ್ನು ಯಾರೂ ಏನೂ ಕೇಳಲಿಲ್ಲ. ನಿಮ್ಮ ಅದೃಷ್ಟ. ನಮ್ಮ ಕಾಲದಲ್ಲಿ ಮುಖ ನೋಡಿ ನಂಬುತ್ತಿದ್ದರು.

ಆದರೆ ನಮ್ಮ ಸೋಫಾದ ಹಿಂದೆ ಕ್ಯಾಮೆರಾ ಇಲ್ಲ. ಅಲ್ಲಿ ಮೊನ್ನೆ ಅರ್ಧ ತಿಂದ ಬಾಳೆಹಣ್ಣು ಕಂಡಿತು, ಕಪ್ಪಗಾಗಿ, ನೀರು ಸುರಿಸುತ್ತಾ, ನೊಣ ಮುತ್ತಿಕೊಂಡು. ಕೇಳಿದರೆ ನೀವಿಬ್ಬರೂ ನನ್ನ ಮುಖ ನೋಡಿಯೇ ನಾನಲ್ಲ ಎಂದಿರಿ. ನಾನು ಅದನ್ನು ಎತ್ತಿ ಎಸೆದಿಲ್ಲ, ನಿಮ್ಮ ಅಮ್ಮನಿಗೂ ಎಸೆಯಲು ಬಿಟ್ಟಿಲ್ಲ. ಇಟ್ಟವರು ಬಂದು ಹೇಳುವವರೆಗೆ ಅದು ಅಲ್ಲೇ ಇರುತ್ತದೆ.